ಫೀಸು ಕಟ್ಟಿದ ಮೇಲಿನ ನಾಲ್ಕು ವರ್ಷ

ನಮ್ಮ ಕಡೆ ಜನಕ್ಕೆ ಕೊಡುವ ಮನಸ್ಸೇನೂ ಕಡಿಮೆಯಿಲ್ಲ. ದೇವಲಾಪುರದ ಸುತ್ತಮುತ್ತ ಯಾವ ಊರಿನ ದೇವಸ್ಥಾನಕ್ಕೆ ಹೋದರೂ ಗೋಡೆಯಲ್ಲೊಂದು ಕಲ್ಲು, ಕಲ್ಲಿನ ತುಂಬ ಹೆಸರು. ಗೋಪುರಕ್ಕೆ ಇಷ್ಟು, ಗಂಟೆಗೆ ಇಷ್ಟು, ಮಂಟಪದ ಟೈಲ್ಸಿಗೆ ಇಷ್ಟು. ಹಬ್ಬದ ದಿನ ಅನ್ನಸಂತರ್ಪಣೆಗೆ ಅಕ್ಕಿ ಮೂಟೆ ಕೇಳೋ ಮೊದಲೇ ಬಂದು ಬಿದ್ದಿರುತ್ತೆ. ಓದೋ ಮಕ್ಕಳಿಗೂ ಕೊಡ್ತಾರೆ. ಒಳ್ಳೆ ಮಾರ್ಕು ತೆಗೆದವರನ್ನು ವೇದಿಕೆ ಹತ್ತಿಸಿ ಶಾಲು, ಹಾರ, ಒಂದು ಕವರು, ಒಂದು ಫೋಟೋ. ಅದೂ ಒಳ್ಳೆಯದೇ. ಆದರೆ ಆ ಕವರು ಖಾಲಿಯಾದ ಮೇಲೆ ಏನಾಗುತ್ತೆ ಅನ್ನೋದನ್ನ ನಾವು ವಿಚಾರಿಸೋಕೆ ಹೋಗಲ್ಲ. ಈ ವಾರ ಅದನ್ನೇ ಬರೆಯೋಣ ಅನ್ನಿಸಿತು, ಮುಖ್ಯವಾಗಿ ನರ್ಸಿಂಗ್ ಓದುವ ಹೆಣ್ಣುಮಕ್ಕಳ ವಿಚಾರದಲ್ಲಿ.

ನರ್ಸಿಂಗೇ ಯಾಕೆ ಅಂದರೆ, ರಾಗಿ ಹೊಲ, ಎರಡು ಹಸು, ಡೇರಿ ಬಟವಾಡೆ ನಂಬಿಕೊಂಡ ಮನೆಯ ಹುಡುಗಿಗೆ ಮೆಡಿಕಲ್ ಸೀಟು ಬಹಳ ದೂರದ ಮಾತು. ನರ್ಸಿಂಗ್ ಹಾಗಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿದ್ದರೆ ನಾಲ್ಕು ವರ್ಷದ ಬಿಎಸ್ಸಿ, ಇಲ್ಲದಿದ್ದರೆ ಮೂರು ವರ್ಷದ ಜಿಎನ್‌ಎಂ, ಎರಡು ವರ್ಷದ ಎಎನ್‌ಎಂ. ಮುಗಿಸಿದರೆ ಕೆಲಸ ಸಿಗುತ್ತೆ ಅನ್ನೋ ಧೈರ್ಯ ಇದೆ. ನಮ್ಮ ನಾಗಮಂಗಲ ತಾಲ್ಲೂಕಿನಲ್ಲೇ ಬಿ.ಜಿ. ನಗರ ಇದೆ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1986ರಲ್ಲಿ, ಆದಿಚುಂಚನಗಿರಿ ಮಠ ಈ ಒಣಭೂಮಿಯಲ್ಲಿ ಮೆಡಿಕಲ್ ಕಾಲೇಜು ಶುರು ಮಾಡಿತು. ಇವತ್ತು ಅಲ್ಲಿ ನರ್ಸಿಂಗ್ ಕಾಲೇಜೂ ಇದೆ. ಆ ಕಡೆ ಮಂಡ್ಯ, ಈ ಕಡೆ ಮೈಸೂರು. ಕಾಲೇಜಿಗೆ ಬರವಿಲ್ಲ. ಬರ ಇರೋದು ಬೇರೆ ಕಡೆ.

ನನಗೆ ಗೊತ್ತಿರುವ ಒಂದು ಮನೆಯ ಲೆಕ್ಕ ಹೇಳ್ತೀನಿ. ಹುಡುಗಿಗೆ ಬಿಎಸ್ಸಿ ಸೀಟು ಸಿಕ್ಕಿತು. ಮೊದಲ ವರ್ಷದ ಫೀಸಿಗೆ ಊರಿನ ಮೂವರು ಸೇರಿ ದುಡ್ಡು ಹಾಕಿದರು, ಸಮಾರಂಭವೂ ಆಯಿತು. ಎರಡನೇ ವರ್ಷ ಅವಳ ತಾಯಿ ನಮ್ಮನೆ ಜಗಲಿ ಮೇಲೆ ಕೂತು, "ಅಕ್ಕಾ, ಫೀಸು ಅಂದ್ರೆ ಒಂದ್ಸಲ ಎದೆ ಗಟ್ಟಿ ಮಾಡ್ಕೊಂಡು ಕಟ್‌ಬುಡ್ಬೋದು. ಈ ತಿಂಗ್ಳು ತಿಂಗ್ಳು ಬರೋದೈತಲ್ಲ, ಅದೇ ಕೊಲ್ಲೋದು" ಅಂದಳು.

ಏನೇನು ಬರುತ್ತೆ ಅಂತ ಕೂತು ಬರೆದೆವು. ಹಾಸ್ಟೆಲ್ ಮೆಸ್ ಬಿಲ್ಲು ಪ್ರತಿ ತಿಂಗಳು. ಈಗ ಬಿಎಸ್ಸಿ ನರ್ಸಿಂಗ್ ಸೆಮಿಸ್ಟರ್ ಪದ್ಧತಿಯದು, ಎಂಟು ಸೆಮಿಸ್ಟರ್, ಎಂಟು ಸಲ ಪರೀಕ್ಷೆ ಫೀಸು. ಎರಡು ಜೊತೆ ಯೂನಿಫಾರ್ಮು, ಬಿಳಿ ಕೋಟು, ಶೂ, ಸೆಕೆಂಡ್ ಮುಳ್ಳಿರುವ ವಾಚು. ದಪ್ಪದಪ್ಪ ಇಂಗ್ಲಿಷ್ ಪುಸ್ತಕ, ರೆಕಾರ್ಡ್ ಬುಕ್ಕು, ಜೆರಾಕ್ಸು. ಹಳ್ಳಿಗಳಲ್ಲಿ ಕೆಲಸ ಕಲಿಯೋಕೆ ಒಂದಷ್ಟು ದಿನ, ಮಾನಸಿಕ ರೋಗಿಗಳ ಆರೈಕೆ ಕಲಿಯೋಕೆ ಬೇರೆ ಆಸ್ಪತ್ರೆಯಲ್ಲಿ ಒಂದಷ್ಟು ದಿನ. ಅಲ್ಲಿ ಉಳಿಯೋ ಖರ್ಚು ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನ ಚಾರ್ಜು ತಪ್ಪಿದ್ದೊಂದೇ ಉಳಿತಾಯ.

ಬೇರೆ ಡಿಗ್ರಿ ಓದೋ ಮಕ್ಕಳು ಸಂಜೆ ಅಂಗಡಿಯಲ್ಲೋ ಟ್ಯೂಷನ್ನಿನಲ್ಲೋ ನಾಲ್ಕು ಕಾಸು ದುಡೀತಾರೆ. ನರ್ಸಿಂಗ್ ಹುಡುಗಿಗೆ ಆ ದಾರಿಯೂ ಇಲ್ಲ. ಕ್ಲಾಸು ಮುಗಿದರೆ ವಾರ್ಡು, ವಾರ್ಡು ಮುಗಿದರೆ ರೆಕಾರ್ಡು. ಇನ್ನು ಮನೆಯ ಆದಾಯ ರಾಗಿ ಬಂದಾಗ, ಗೂಡು ಮಾರಿದಾಗ, ತೆಂಗಿನಕಾಯಿ ಕಿತ್ತಾಗ. ಮೆಸ್ ಬಿಲ್ಲು ಮಾತ್ರ ಮಳೆ ನೋಡಿಕೊಂಡು ಬರಲ್ಲ.

ಮೊದಲ ದಿನ ಕೊಡೋಕೆ ಹತ್ತು ಜನ ಇರ್ತಾರೆ, ನಡುವಿನ ದಿನಕ್ಕೆ ಒಬ್ಬರೂ ಇರಲ್ಲ. ಓದು ನಿಲ್ಲೋದು ಆ ನಡುವಿನಲ್ಲೇ. ಹಾಗೆ ನಿಂತ ಹುಡುಗಿಯ ಕೈಯಲ್ಲಿ ಡಿಗ್ರಿಯೂ ಇರಲ್ಲ, ಮೊದಲ ವರ್ಷ ಸುರಿದ ದುಡ್ಡೂ ಇರಲ್ಲ. ಎಲ್ಲರಿಗೂ ನಷ್ಟ.

ಇದನ್ನ ಹಿಂದಿನವರು ಚೆನ್ನಾಗಿ ಅರಿತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಎಲ್ಲರಿಗೂ ಗೊತ್ತು, ಅವರು ಹುಟ್ಟಿದ ಮೇ 12ನ್ನೇ ದಾದಿಯರ ದಿನ ಅಂತ ಆಚರಿಸ್ತೀವಿ. ಅವರ ಶಾಲೆ ನಡೆದದ್ದು ಸಾರ್ವಜನಿಕ ಚಂದಾ ಹಣದಿಂದ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಕ್ರಿಮಿಯಾ ಯುದ್ಧ ನಡೀತಿದ್ದ 1855ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಲ್ಲಿ ಒಂದು ನಿಧಿ ತೆರೆದರು. ಸಿಪಾಯಿಗಳು ಒಂದೊಂದು ದಿನದ ಸಂಬಳ ಕೊಟ್ಟರು. ನಿಧಿ 44 ಸಾವಿರ ಪೌಂಡ್ ದಾಟಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ಶುರುವಾದಾಗ ಆ ದುಡ್ಡನ್ನು ಹೇಗೆ ಖರ್ಚು ಮಾಡಿದರು ನೋಡಿ: ಕಲಿಯೋಕೆ ಬಂದ ಹೆಂಗಸರಿಗೆ ಊಟ, ವಸತಿ, ಟೀ, ಸಕ್ಕರೆ, ಬಟ್ಟೆ ಒಗೆಸೋ ಖರ್ಚು, ಯೂನಿಫಾರ್ಮು, ಮೇಲೆ ವರ್ಷಕ್ಕೆ 10 ಪೌಂಡ್ ಕೈಖರ್ಚು. ಟೀ ಸಕ್ಕರೆವರೆಗೂ ಲೆಕ್ಕ ಹಾಕಿದ್ದರು!

ಅಷ್ಟು ದೂರ ಯಾಕೆ, ನಮ್ಮಲ್ಲೇ ವಾರಾನ್ನ ಇತ್ತಲ್ಲ. ಓದೋಕೆ ಪೇಟೆಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದು ಮುಗಿಸೋನು. ಅದಕ್ಕೆ ಜಾತಿಯ ಬೇಲಿ ಇತ್ತು, ಹೆಣ್ಣುಮಕ್ಕಳಂತೂ ಆ ಪಂಕ್ತಿಯಲ್ಲೇ ಇರಲಿಲ್ಲ. ಆ ಬೇಲಿ ನಮಗೆ ಬೇಡ, ಲೆಕ್ಕ ಮಾತ್ರ ಬೇಕು. ಯಾರಿಗೂ ಹೊರೆಯಾಗದ ಹಾಗೆ, ಒಂದು ದಿನವೂ ತಪ್ಪದ ಹಾಗೆ ಹಂಚಿಕೊಂಡ ಲೆಕ್ಕ.

ಆ ಹುಡುಗಿಗೂ ನಾವು ಹಾಗೇ ಮಾಡಿದೆವು. ಏಳು ಮನೆ, ಮನೆಗೆ ತಿಂಗಳಿಗೆ 500 ರೂಪಾಯಿ. ಒಟ್ಟು 3,500. ತಿಂಗಳ ಮೊದಲ ವಾರ ಅವಳ ಖಾತೆಗೇ ಹೋಗುತ್ತೆ. ಹೀಗೆ ನಾಲ್ಕು ವರ್ಷ ಕೊಟ್ಟರೂ ಒಂದು ಮನೆಗೆ ಬೀಳೋದು 24,000. ಒಂದು ಬೀಗರೂಟಕ್ಕೆ ಇದಕ್ಕಿಂತ ಜಾಸ್ತಿ ಆಗುತ್ತೆ ಅಂತ ನಿಮಗೂ ಗೊತ್ತು. ಅವಳೀಗ ಮೂರನೇ ವರ್ಷ.

ಇನ್ನು ಕೊಡೋ ರೀತಿ. ಇದು ಸ್ವಲ್ಪ ಕಹಿ ಮಾತು. ಮೊದಲ ವರ್ಷ ದುಡ್ಡು ಹಾಕಿದವರಲ್ಲಿ ಒಬ್ಬರು ಹಬ್ಬದ ದಿನ ನಾಲ್ಕು ಜನರ ಮುಂದೆ ಅವಳನ್ನ ಕರೆದು, "ಇವ್ಳು ನಾವು ಓದಿಸ್ತಿರೋ ಹುಡ್ಗಿ ಕಣ್ರಪ್ಪ" ಅಂದರಂತೆ. ಮನೆಯಲ್ಲಿ ಅವರ ತಾಯಿಗೆ ಬಿಪಿ ನೋಡೋಕೆ, ಇಂಜೆಕ್ಷನ್ ಕೊಡೋಕೆ ರಜೆಯಲ್ಲಿ ಬಂದಾಗಲೆಲ್ಲ ಹೇಳಿ ಕಳಿಸೋರು. ಕಲಿಯುವ ಹುಡುಗಿ ಡಾಕ್ಟರ ಚೀಟಿಯಿಲ್ಲದೆ ಮನೆಮನೆಗೆ ಇಂಜೆಕ್ಷನ್ ಕೊಡಬಾರದು ಅನ್ನೋದು ಅವರಿಗೆ ಬೇಡವಾಗಿತ್ತು. ಅವಳು ಊರಿಗೆ ಬರೋದನ್ನೇ ಕಡಿಮೆ ಮಾಡಿದಳು. ಕೇಳಿದ್ದಕ್ಕೆ ನನಗಂದದ್ದು ಇಷ್ಟೇ: "ದೊಡ್ಡವ್ವ, ನಾನು ಫಸ್ಟ್ ಕ್ಲಾಸಲ್ಲಿ ಪಾಸಾದೆ. ಅದನ್ನ ಯಾರೂ ಹೇಳ್ಲಿಲ್ಲ."

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಸೀಟು ತಗೊಂಡದ್ದು ಅವಳ ಮಾರ್ಕು. ರಾತ್ರಿ ಎದ್ದು ಓದೋದು ಅವಳ ಕಣ್ಣು. ನಮ್ಮದು 500 ರೂಪಾಯಿ ಮಾತ್ರ.

ಇನ್ನೊಂದು ಮಾತು ನಮ್ಮ ಏಳು ಮನೆಯಲ್ಲೇ ಎದ್ದಿತು. "ಓದಿಸಿದ ಮೇಲೆ ಫಾರಿನ್ನಿಗೆ ಹಾರೋದ್ರೆ ನಮಗೇನು ಬಂತು? ಇಲ್ಲೇ ಕೆಲಸ ಮಾಡ್ತೀನಿ ಅಂತ ಬರೆಸ್ಕೊಳ್ಳಿ." ಕೇಳಿದವರದ್ದು ಪೂರ್ತಿ ತಪ್ಪಲ್ಲ. ನಮ್ಮ ಊರಿನ ಆಸ್ಪತ್ರೆಗೂ ಕೈ ಬೇಕು. ಆದರೆ ದಾದಿಯರ ಕೊರತೆ ಎಲ್ಲ ಕಡೆ ಇದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಪಂಚಕ್ಕೆ ಇನ್ನೂ 59 ಲಕ್ಷ ದಾದಿಯರು ಬೇಕು ಅಂತ ಲೆಕ್ಕ ಹೇಳಿತ್ತು. ಅವಳು ಮಂಡ್ಯದಲ್ಲಿರಲಿ, ಮಸ್ಕತ್ತಿನಲ್ಲಿರಲಿ, ಯಾರದೋ ತಾಯಿಯ ಹಾಸಿಗೆ ಪಕ್ಕ ನಿಂತಿರ್ತಾಳೆ. ಸಂಬಳ ಕಡಿಮೆ, ಡ್ಯೂಟಿ ಜಾಸ್ತಿ ಇರೋ ಕಡೆಯೇ ಇರು ಅಂತ 500 ರೂಪಾಯಿ ಕೊಟ್ಟವರು ಹೇಳೋಕಾಗಲ್ಲ. ದಾನಕ್ಕೆ ಹಗ್ಗ ಕಟ್ಟಿದರೆ ಅದು ಸಾಲ ಆಗುತ್ತೆ. ಸಾಲವೇ ಆದರೆ ಬ್ಯಾಂಕಿನವರು ವಾಸಿ, ಅವರು ಹಬ್ಬದ ದಿನ ಎಲ್ಲರ ಮುಂದೆ ಹೇಳಲ್ಲ.

ಕೊಡಬೇಕು ಅನ್ನೋರಿಗೆ ನಾವು ಕಲಿತದ್ದು ಒಂದಿಷ್ಟು. ಮೊದಲು ಸರ್ಕಾರದಿಂದ, ಸಂಸ್ಥೆಗಳಿಂದ ಏನು ಬರುತ್ತೋ ಅದಕ್ಕೆ ಅರ್ಜಿ ಹಾಕಿಸಿ. ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 8,000 ರೂಪಾಯಿ ಇಟ್ಟಿದ್ದರು. ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಖಾತೆ ಸರಿ ಇಲ್ಲದೆ ಎಷ್ಟೋ ಅರ್ಜಿ ನಿಂತುಹೋಗ್ತವೆ. ಅದನ್ನ ಸರಿ ಮಾಡಿಸೋಕೆ ಒಂದು ದಿನ ತಾಲ್ಲೂಕು ಆಫೀಸಿಗೆ ಜೊತೆಗೆ ಹೋಗೋದೂ ದಾನವೇ. ದುಡ್ಡು ಕೊಡೋಕಾಗದವರು ಇದನ್ನ ಮಾಡಬಹುದು.

ಸೇರೋ ಮೊದಲು ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಕಲಿಯೋಕೆ ಆಸ್ಪತ್ರೆ ಯಾವುದು ಅಂತ ಹೋಗಿ ನೋಡಿ ಬನ್ನಿ. ಏಜೆಂಟರ ಮಾತು ನಂಬಿ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಕೈಗೆ ಕೊಡಬೇಡಿ. ಟ್ರಸ್ಟಿಗೆ ಕೊಡೋರಾದರೆ 80ಜಿ ರಸೀದಿ ಕೇಳಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ತೆರಿಗೆ ವಿನಾಯಿತಿ ಇಲ್ಲ. ಹುಡುಗಿಗೇ ನೇರ ಕೊಟ್ಟರೂ ವಿನಾಯಿತಿ ಸಿಗಲ್ಲ. ಆದರೆ ನಡುವೆ ಯಾರೂ ಇರಲ್ಲ.

ಆಮೇಲೆ, ಏಳು ಮನೆಯವರಲ್ಲಿ ಒಬ್ಬರು ಹೆಂಗಸೇ ಅವಳ ಹತ್ತಿರ ಮಾತಾಡೋ ಹಾಗೆ ಇಟ್ಟುಕೊಳ್ಳಿ. ಏಳು ಜನಕ್ಕೂ ಅವಳು ಲೆಕ್ಕ ಒಪ್ಪಿಸೋ ಹಾಗೆ ಆಗಬಾರದು. ಮಾರ್ಕ್ಸ್‌ಕಾರ್ಡ್ ತೋರಿಸು ಅನ್ನೋದಕ್ಕಿಂತ ಊಟ ಸರಿಯಾಗಿ ಮಾಡ್ತಿದ್ದೀಯಾ ಅಂತ ಕೇಳಿ.

ತೀರಿಸೋ ಮಾತು ಬಂದರೆ, ನಮ್ಮ ಸೀಮೆಯಲ್ಲಿ ಮುಯ್ಯಿ ಅಂತ ಒಂದಿದೆ. ಮದುವೆಯಲ್ಲಿ ಹಾಕಿದ ಮುಯ್ಯಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ತಿರುಗಿ ಹಾಕ್ತೀವಿ. ಅವಳ ತಾಯಿಗೂ ಇದೇ ಚಿಂತೆ, "ನಿಮ್ಮ ಮುಯ್ಯಿ ಹೆಂಗಕ್ಕಾ ತೀರ್ಸೋದು?" ನಾವು ಏಳು ಮನೆಯವರೂ ಮಾತಾಡಿಕೊಂಡು ಒಂದು ತೀರ್ಮಾನ ಹೇಳಿದ್ದೀವಿ. ನಮಗೆ ತಿರುಗಿ ಹಾಕೋದು ಬೇಡ. ಅವಳಿಗೆ ಸಂಬಳ ಬಂದ ಮೇಲೆ, ಮನಸ್ಸಿದ್ದರೆ, ಇನ್ನೊಂದು ಹುಡುಗಿಯ ಏಳು ಮನೆಯಲ್ಲಿ ಅವಳದ್ದೂ ಒಂದಾಗಲಿ. ಮನಸ್ಸಿಲ್ಲದಿದ್ದರೆ ಅದೂ ಸರಿಯೇ. ಈ ಮುಯ್ಯಿಗೆ ನಾವು ನೋಟ್‌ಬುಕ್ ಇಟ್ಟಿಲ್ಲ.

ನಿಮ್ಮ ಬೀದಿಯಲ್ಲೂ ಅಂಥವಳೊಬ್ಬಳು ಇರ್ತಾಳೆ. ಎರಡನೇ ವರ್ಷದಲ್ಲಿರೋಳನ್ನ ಮೊದಲು ವಿಚಾರಿಸಿ.