ತೇರು ಬಿದ್ದ ಊರಿನಲ್ಲಿ ಇಷ್ಟೊಂದು ಎಂಜಿನಿಯರುಗಳು

ಕಾಲೇಜಿಗೆ ಮೆಟ್ರೋದಲ್ಲಿ ಬರುವವರಿಗೆ ಹಳದಿ ಮಾರ್ಗದ ಕೊನೆಯ ನಾಲ್ಕು ನಿಲ್ದಾಣಗಳ ಹೆಸರು ಈಗಾಗಲೇ ಬಾಯಿಪಾಠವಾಗಿರುತ್ತದೆ. ಕೋನಪ್ಪನ ಅಗ್ರಹಾರ, ಹುಸ್ಕೂರು ರಸ್ತೆ, ಹೆಬ್ಬಗೋಡಿ, ಬೊಮ್ಮಸಂದ್ರ. 2025ರ ಆಗಸ್ಟ್‌ನಲ್ಲಿ ಈ ಮಾರ್ಗ ಶುರುವಾದಾಗ ಚಾಲಕರಿಲ್ಲದೆಯೂ ಓಡಬಲ್ಲ ರೈಲು ನೋಡಲೆಂದೇ ನಾವು ನಾಲ್ಕೈದು ಜನ ಒಂದು ಭಾನುವಾರ ಆ ತುದಿಯಿಂದ ಈ ತುದಿಗೆ ಹೋಗಿ ಬಂದೆವು. ಆಗ ಗಮನಿಸಿದ ಒಂದು ಸಂಗತಿ: ಈ ನಾಲ್ಕರಲ್ಲಿ ಮೂರು ನಿಲ್ದಾಣಗಳ ಹೆಸರಿನ ಮುಂದೆ ಯಾವುದಾದರೊಂದು ಕಂಪನಿಯದೋ ಅದರ ಪ್ರತಿಷ್ಠಾನದ್ದೋ ಹೆಸರಿದೆ. ಹುಸ್ಕೂರು ರಸ್ತೆಗೆ ಮಾತ್ರ ಏನೂ ಇಲ್ಲ, ಬರೀ ಊರಿನ ಹೆಸರು. ಜೊತೆಗಿದ್ದ ಗೆಳೆಯ, "ಹುಸ್ಕೂರಿನಲ್ಲಿ ಏನಿದೆ?" ಎಂದು ಕೇಳಿದ. ಅವನು ಈ ಏರಿಯಾಗೆ ಬಂದು ಆರು ವರ್ಷವಾಗಿದೆ.

ಹುಸ್ಕೂರಿನಲ್ಲಿ ಮದ್ದೂರಮ್ಮನ ದೇವಸ್ಥಾನವಿದೆ, ಪ್ರತಿವರ್ಷ ಮಾರ್ಚ್ ಇಲ್ಲವೇ ಏಪ್ರಿಲ್‌ನಲ್ಲಿ ಜಾತ್ರೆ ನಡೆಯುತ್ತದೆ. ಸುತ್ತಲ ಹಳ್ಳಿಗಳು ಒಂದೊಂದು ತೇರು ಕಟ್ಟಿ ಎಳೆದು ತರುತ್ತವೆ. ಬೇರೆ ಕಡೆಯ ರಥದ ಹಾಗಲ್ಲ ಇದು. ನೂರು ಅಡಿಗೂ ಮೀರಿದ ಎತ್ತರ, ಕೆಳಗಿನಿಂದ ಮೇಲಿನವರೆಗೆ ಬಣ್ಣಬಣ್ಣದ ಬಟ್ಟೆ. ಮುಂದೆ ಎತ್ತುಗಳು, ಟ್ರ್ಯಾಕ್ಟರು, ಈಚೆಗೆ ಜೆಸಿಬಿ. ಸುತ್ತ ಹಗ್ಗ ಹಿಡಿದ ನೂರಾರು ಜನ, ತೇರು ಒಂದು ಕಡೆ ವಾಲಿದರೆ ಇನ್ನೊಂದು ಕಡೆಯವರು ಎಳೆದು ನೇರ ಮಾಡುತ್ತಾರೆ. ಮಹಡಿಯ ಮೇಲೆ ನಿಂತರೆ ದೂರದಲ್ಲಿ ಒಂದು ಗೋಪುರವೇ ನಡೆದುಕೊಂಡು ಬರುತ್ತಿರುವಂತೆ ಕಾಣುತ್ತದೆ.

ಅಬ್ಬಾ ಪ್ರತಿವರ್ಷ ಆ ಜಾತ್ರೆಯಲ್ಲಿ ಆಟಿಕೆ ಅಂಗಡಿ ಹಾಕುತ್ತಾರೆ. ಉಳಿದ ದಿನಗಳಲ್ಲಿ ನಮ್ಮದು ಟೀ ಅಂಗಡಿ. ಐದು ವರ್ಷದವನಿದ್ದಾಗಿನಿಂದ ನಾನು ಅಲ್ಲಿ ಪೀಪಿ, ಬಲೂನು ಮಾರಿದ್ದೇನೆ. 2025ರ ಜಾತ್ರೆ ರಂಜಾನ್ ತಿಂಗಳಲ್ಲಿ ಬಂತು. ಮಾರ್ಚ್ 22, ಶನಿವಾರ. ನನ್ನ ಪ್ರಥಮ ಪಿಯು ಪರೀಕ್ಷೆ ಮುಗಿದಿತ್ತು, ಇಬ್ಬರೂ ರೋಜಾ ಇಟ್ಟುಕೊಂಡೇ ಅಂಗಡಿಯಲ್ಲಿ ಕೂತಿದ್ದೆವು. ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು, ಹಿಂದೆಯೇ ಮಳೆ. ನಮ್ಮ ಟಾರ್ಪಾಲು ಹಾರಿ ಪಕ್ಕದ ಕಡ್ಲೆಪುರಿ ಅಂಗಡಿಯ ಮೇಲೆ ಬಿತ್ತು. ಅದನ್ನು ಎಳೆದು ಕಟ್ಟುವುದರಲ್ಲೇ ಇದ್ದೆವು. ಎಲ್ಲಿಂದಲೋ ಕೂಗು ಕೇಳಿಸಿತು, ಜನ ಓಡತೊಡಗಿದರು, ಯಾವ ಕಡೆಗೆ ಓಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ತೇರು ಉರುಳಿತ್ತು. ಅಂದು ಒಂದಲ್ಲ, ಎರಡು ತೇರುಗಳು ಬಿದ್ದವು. ಜೀವವೂ ಹೋಯಿತು. ಕಡ್ಲೆಪುರಿ ಅಂಗಡಿಯ ಅಜ್ಜಿ ಕೈ ನಡುಗಿಸುತ್ತಾ ನಮಗೆ ನೀರು ಕೊಟ್ಟು, "ಹೊತ್ತಾಯ್ತಲ್ಲ, ಕುಡೀರಪ್ಪ" ಎಂದರು. ಆ ದಿನದ ಇಫ್ತಾರ್ ಅಷ್ಟೇ.

ಅದರ ಹಿಂದಿನ ವರ್ಷ, 2024ರ ಏಪ್ರಿಲ್‌ನಲ್ಲೂ ಅಲ್ಲಿ ಒಂದು ತೇರು ಬಿದ್ದಿತ್ತು. ಆಗ ಯಾರ ಜೀವವೂ ಹೋಗಲಿಲ್ಲ. ಬಹುಶಃ ಅದಕ್ಕೇ ಬೇಗ ಮರೆತೆವು.

ನಾವು ಮನೆ ಸೇರುವ ಮೊದಲೇ ವಿಡಿಯೊ ಎಲ್ಲರ ಮೊಬೈಲಿಗೆ ಸೇರಿತ್ತು. ನಮ್ಮ ತರಗತಿಯ ಗುಂಪಿಗೂ ಬಂತು. ಒಬ್ಬರು ಅದಕ್ಕೆ ಸಿನಿಮಾ ಹಿನ್ನೆಲೆ ಸಂಗೀತ ಸೇರಿಸಿ ಹಾಕಿದ್ದರು. ನಗುವ ಚಿತ್ರಗಳೂ ಇದ್ದವು. ಅವರ ಹೆಸರು ಬರೆಯುವುದಿಲ್ಲ, ಅವರಿಗೇ ಗೊತ್ತು. ಆ ಹೊತ್ತಿಗೆ ಸತ್ತವರ ಸುದ್ದಿ ಹೊರಬಿದ್ದಿರಲಿಲ್ಲ, ಅಷ್ಟು ಮಟ್ಟಿಗೆ ಒಪ್ಪುತ್ತೇನೆ. ಆದರೆ ಅಷ್ಟೆತ್ತರದ್ದೊಂದು ವಸ್ತು ಜನರ ನಡುವೆ ಬೀಳುವುದನ್ನು ನೋಡಿ ನಗು ಹೇಗೆ ಬಂತು? ದೂರದ ಯಾವುದೋ ದೇಶದ ದೃಶ್ಯವೆಂಬ ಹಾಗೆ ನೋಡಿದ್ದರಿಂದ ಎಂದು ನನಗೆ ಅನಿಸುತ್ತದೆ. ಅದು ನಡೆದದ್ದು ನಮ್ಮ ಪಕ್ಕದಲ್ಲಿ.

ಇನ್ನು ಅಮ್ಮಿ ಅಡುಗೆ ಮಾಡುವ ಅಪಾರ್ಟ್‌ಮೆಂಟಿನ ಕಥೆ. ತೇರು ಹಾದುಬರುವ ದಾರಿಯಲ್ಲಿ ಕರೆಂಟು ತೆಗೆದು ತಂತಿ ಬಿಚ್ಚಬೇಕಾಗುತ್ತದೆ. ಆ ದಿನಗಳಲ್ಲಿ ಅಲ್ಲಿಯವರ ಗೊಣಗಾಟ ಅಮ್ಮಿಗೆ ವರ್ಷವೂ ಇದ್ದದ್ದೇ. ಮನೆಯಿಂದಲೇ ಕೆಲಸ, ಮೀಟಿಂಗ್ ಇದೆ, ಯಾಕೆ ಹೋಯಿತು, ಯಾವಾಗ ಬರುತ್ತದೆ. ಯಾಕೆ ಹೋಯಿತು ಎಂದು ಅಮ್ಮಿ ಹೇಳಿದರೆ, "ಓ, ಇಲ್ಲಿ ಜಾತ್ರೆ ಬೇರೆ ಇದೆಯಾ?" ಎನ್ನುತ್ತಾರಂತೆ.

ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಈ ಜಾಗವನ್ನು ಮಾಡಿದ ರೀತಿಯೇ ಹಾಗಿದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗ ಅವರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಹುಟ್ಟುಹಾಕಿತು. 2010ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಮೇಲ್ಸೇತುವೆ ರಸ್ತೆ ಬಂತು, ಹಳ್ಳಿಗಳ ತಲೆಯ ಮೇಲಿಂದಲೇ ಹಾರಿಬಂದು ಕಚೇರಿಯ ಗೇಟಿನಲ್ಲಿ ಇಳಿಯಬಹುದು. 2013ರಲ್ಲಿ ಕೈಗಾರಿಕಾ ಪ್ರದೇಶಕ್ಕೆ ತನ್ನದೇ ಟೌನ್‌ಶಿಪ್ ಪ್ರಾಧಿಕಾರವಾಯಿತು. ಕಾಂಪೌಂಡಿನ ಒಳಗೆ ಒಂದು ಆಡಳಿತ, ಹೊರಗೆ ಪಂಚಾಯಿತಿ, ನಗರಸಭೆ. ಒಳಗಿನ ಸುದ್ದಿ ಹೊರಗಿನವರಿಗೆ ಕೆಲಸದ ಜಾಹೀರಾತಿನಲ್ಲಿ ತಿಳಿಯುತ್ತದೆ. ಹೊರಗಿನ ಸುದ್ದಿ ಒಳಗಿನವರಿಗೆ ಕರೆಂಟು ಹೋದಾಗ.

ನನ್ನ ತಲೆಗೆ ಈ ವಿಷಯ ಹೊಕ್ಕಿದ್ದು ನಮ್ಮ ಟೀ ಅಂಗಡಿಯಲ್ಲಿ. ಸಂಜೆ ಬರುವ ಒಬ್ಬರು ಎಂಜಿನಿಯರ್ ಇದ್ದಾರೆ, ದಾವಣಗೆರೆ ಕಡೆಯವರು. ಅವರ ಕೆಲಸವೇನೆಂದು ಒಂದು ದಿನ ಕೇಳಿದೆ. ಹೊರದೇಶಗಳ ಎತ್ತರದ ಗೋಪುರಗಳಿಗೆ ಗಾಳಿ ಬಡಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದಂತೆ. ನಾನು ಹುಸ್ಕೂರಿನ ತೇರಿನ ವಿಷಯ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಟೀ ಲೋಟ ಕೆಳಗಿಟ್ಟರು.

"ತಳ ಎಷ್ಟು ಅಗಲ ಇರುತ್ತೆ?"

ನನಗೆ ಗೊತ್ತಿರಲಿಲ್ಲ.

"ಹಗ್ಗ ಎಷ್ಟು ಎತ್ತರಕ್ಕೆ ಕಟ್ತಾರೆ? ಎಷ್ಟು ಕಡೆ?"

ಅದೂ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಆ ತೇರಿನ ಕೆಳಗೆ ಪೀಪಿ ಮಾರಿದವನು ನಾನು. "ಗೊತ್ತಿಲ್ಲ ಸರ್" ಎಂದಾಗ ನಾಚಿಕೆಯಾಯಿತು. ಅವರೂ ಸ್ವಲ್ಪ ನಾಚಿಕೊಂಡರು ಎನಿಸಿತು. "ನಮ್ಮೂರಲ್ಲೂ ತೇರಿದೆ ಕಣಪ್ಪಾ, ವರ್ಷವೂ ಹೋಗ್ತೀನಿ. ಇಲ್ಲಿ ಇರೋದೇ ಗೊತ್ತಿರಲಿಲ್ಲ ನೋಡು" ಎಂದರು.

ಆಮೇಲೆ ಅಬ್ಬಾನ ಲೆಕ್ಕದ ಚೀಟಿಯ ಹಿಂದೆ ಪೆನ್ನಿನಲ್ಲಿ ಗೀಚಿ ಹೇಳಿಕೊಟ್ಟದ್ದು ನಾವು ಪ್ರಥಮ ಪಿಯುನಲ್ಲಿ ಓದಿದ ಪಾಠವೇ, ಟಾರ್ಕ್. ತೇರಿನ ಅಗಲ ಹಾಗೇ ಇಟ್ಟು ಎತ್ತರ ಮಾತ್ರ ಎರಡು ಪಟ್ಟು ಮಾಡಿ. ಗಾಳಿ ತಾಗುವ ಮೈ ಎರಡು ಪಟ್ಟಾಗುತ್ತದೆ. ಆ ಗಾಳಿಯ ಬಲ ನೆಲದಿಂದ ಎರಡು ಪಟ್ಟು ಎತ್ತರದಲ್ಲಿ ತಳ್ಳುತ್ತದೆ. ಎರಡೆರಡಲ ನಾಲ್ಕು, ಉರುಳಿಸುವ ಟಾರ್ಕ್ ನಾಲ್ಕು ಪಟ್ಟು. ತೇರಿನ ತೂಕವೂ ಹೆಚ್ಚುತ್ತದಲ್ಲ ಎಂದರೆ, ಅದು ಎರಡು ಪಟ್ಟಾದರೂ ನೆಲಕ್ಕೆ ಹಿಡಿದು ನಿಲ್ಲಿಸುವ ಟಾರ್ಕ್ ಎರಡೇ ಪಟ್ಟು, ಏಕೆಂದರೆ ತಳದ ಅಗಲ ಬದಲಾಗಿಲ್ಲ. ಗಾಳಿಯ ವೇಗ ಎರಡು ಪಟ್ಟಾದರಂತೂ ಬಲವೇ ನಾಲ್ಕು ಪಟ್ಟು. ಮೇಲಿಂದ ಕೆಳಗೆ ಸುತ್ತಿದ ಬಟ್ಟೆ ಹಡಗಿನ ಹಾಯಿಯ ಹಾಗೆ ಗಾಳಿಯನ್ನು ಹಿಡಿಯುತ್ತದೆ, ಮಳೆಯಲ್ಲಿ ನೆನೆದರೆ ಮೇಲ್ಭಾಗದ ತೂಕವೂ ಏರುತ್ತದೆ. ಕೆಳಗೆ ನೂರು ಜನ ಹಗ್ಗ ಹಿಡಿದಿದ್ದರೂ ಅವರ ಕಾಲು ಕೆಸರಿನಲ್ಲಿ ಜಾರುತ್ತಿರುತ್ತದೆ.

ಇದು ರಾಕೆಟ್ ವಿಜ್ಞಾನವಲ್ಲ, ನಮ್ಮ ಪಠ್ಯಪುಸ್ತಕದ ಮೂರು ಪುಟ. ಆದರೂ ಇಷ್ಟು ಎಂಜಿನಿಯರುಗಳು ಇರುವ ನೆಲದಲ್ಲಿ ಆ ಮೂರು ಪುಟ ರಸ್ತೆ ದಾಟಿ ಹುಸ್ಕೂರಿಗೆ ಹೋಗಲಿಲ್ಲ. ಕಳೆದ ವರ್ಷ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಸ್ಮಾರ್ಟ್ ಕಸದ ಬುಟ್ಟಿಗಳು ಎರಡಿದ್ದವು (ಒಂದು ನನ್ನದು), ತಾನೇ ಹತ್ತಿಕೊಳ್ಳುವ ಬೀದಿದೀಪ ಮೂರು. ತೇರು ಇರಲಿಲ್ಲ.

ಹಾಗಂತ ಹಳ್ಳಿಯವರಿಗೆ ಏನೂ ಗೊತ್ತಿಲ್ಲ ಎಂದು ತಿಳಿಯಬೇಡಿ. ನಮ್ಮ ಅಂಗಡಿಗೆ ಬರುವ ಇನ್ನೊಬ್ಬರು ತೇರು ಕಟ್ಟುವ ಊರಿನ ತಾತ. ಟಾರ್ಕ್ ಲೆಕ್ಕವನ್ನು ಅವರಿಗೆ ವಿವರಿಸಲು ಹೊರಟೆ. ಅರ್ಧದಲ್ಲೇ ತಡೆದರು.

"ಎತ್ತರ ಆದ್ರೆ ಬೀಳುತ್ತೆ ಅಂತ ನಂಗೆ ಗೊತ್ತಿಲ್ವಾ ಮಗಾ? ನಮ್ ಕಾಲದಲ್ಲಿ ತೇರು ಇಷ್ಟುದ್ದ ಇರ್ಲಿಲ್ಲ. ಹೊಲದ ಮೇಲೆ ಬರ್ತಿತ್ತು, ಬಿದ್ರೂ ಹೊಲಕ್ಕೆ ಬೀಳೋದು. ಈಗ ಹೊಲ ಎಲ್ಲೈತೆ?" ಎಂದರು. ಆಮೇಲೆ ಅಬ್ಬಾನ ಕಡೆ ತಿರುಗಿ, "ನೋಡಿ ಸಾಬ್ರೇ, ಪಕ್ಕದೂರೋರು ಹತ್ತಡಿ ಏರಿಸಿದ್ರೆ ನಮ್ ಹುಡುಗ್ರು ಸುಮ್ನಿರ್ತಾರಾ? ಮೊದ್ಲು ಇಳಿಸೋರು ಯಾರು, ಅದು ಹೇಳಿ" ಎಂದರು.

ಎಂಜಿನಿಯರ್ ಕೇಳದ ಪ್ರಶ್ನೆಯನ್ನು ತಾತ ಕೇಳಿದ್ದರು. ಲೆಕ್ಕ ಯಾರಾದರೂ ಹಾಕಬಹುದು, ಮೊದಲು ತಗ್ಗಿಸುವವರು ಯಾರು? ಒಂದು ಊರು ಮಾತ್ರ ಇಳಿಸಿದರೆ ಅದು ಆ ಊರಿಗೆ ಸೋಲು. ಎಲ್ಲ ಊರುಗಳೂ ಒಂದೇ ದಿನ ಕೂತು ಒಂದು ಅಳತೆಗೆ ಒಪ್ಪಿದರೆ ಯಾರಿಗೂ ಸೋಲಿಲ್ಲ. ಪೈಪೋಟಿ ಅಲಂಕಾರದಲ್ಲಿರಲಿ, ಡೊಳ್ಳು ತಮಟೆಯಲ್ಲಿರಲಿ. ತೇರು ನಿಲ್ಲಿಸಿ ಎನ್ನುವವರ ಜೊತೆ ನಾನಿಲ್ಲ. ತೇರಿಲ್ಲದ ಹುಸ್ಕೂರು ಇನ್ನೊಂದು ಬಸ್ ಸ್ಟಾಪ್ ಆಗಿಬಿಡುತ್ತದೆ. ಎತ್ತರಕ್ಕೆ ಮಿತಿ ಬೇಕು, ತಳ ಅಗಲವಾಗಬೇಕು. ಗಾಳಿಯ ವೇಗ ಅಳೆಯುವ ಚಿಕ್ಕ ಯಂತ್ರವೊಂದು ಮೈದಾನದಲ್ಲಿದ್ದು, ಮಿತಿ ದಾಟಿದ ಕೂಡಲೇ ಎಳೆಯುವುದನ್ನು ನಿಲ್ಲಿಸಿ ಜನರನ್ನು ಸರಿಸಬೇಕು. ಎಷ್ಟು ದೂರ? 120 ಅಡಿಯ ತೇರು ಉರುಳಿದರೆ 120 ಅಡಿಯವರೆಗೆ ತಲುಪುತ್ತದೆ. ಎಳೆಯುವ ಹಗ್ಗವೂ ಅದಕ್ಕಿಂತ ಉದ್ದವಿರಬೇಕು. ಇದಕ್ಕೆ ಕಂಪ್ಯೂಟರೂ ಬೇಡ.

ಈ ಲೇಖನ ಬರೆಯುತ್ತೇನೆಂದಾಗ ಒಬ್ಬ ಗೆಳೆಯ, "ಅದು ಅವರ ಜಾತ್ರೆ, ನಿನಗ್ಯಾಕೆ? ಏನಾದರೂ ಬರೆದರೆ ತಪ್ಪು ತಿಳಿಯುತ್ತಾರೆ" ಎಂದ. ಅವನ ಹೆದರಿಕೆ ಸುಳ್ಳಲ್ಲ, ಕಾಲ ಹಾಗಿದೆ. ಆದರೆ ಅಲ್ಲಿ ಸಂಪಾದಿಸಿದ ಹಣದಲ್ಲಿ ನನ್ನ ಕಾಲೇಜಿನ ಶುಲ್ಕವೂ ಸೇರಿದೆ. ಬೆಂಗಳೂರು ಕರಗ ಪ್ರತಿವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದುಹೋಗುತ್ತದೆ, ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಪೂಜೆ ಅವರದು, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ತೇರಿನ ನೆರಳಿನಲ್ಲಿ ನಿಲ್ಲುವವರು ಎಲ್ಲರೂ. ಅಂದು ಸಂಜೆ ಓಡಿದ ಗುಂಪಿನಲ್ಲಿ ನಾನೂ ಇದ್ದೆ.

ಮತ್ತೆ ಮಾರ್ಚ್ ಹತ್ತಿರ ಬರುತ್ತಿದೆ. ದ್ವಿತೀಯ ಪಿಯು ಪರೀಕ್ಷೆಯೂ ಅದೇ ತಿಂಗಳು, ಅದು ನನಗೆ ನೆನಪಿದೆ (ಅಮ್ಮಿಗೂ ನೆನಪಿದೆ). ಆದ್ದರಿಂದ ದೊಡ್ಡ ಯೋಜನೆಯೇನೂ ಇಲ್ಲ. ಭೌತಶಾಸ್ತ್ರ ಪ್ರಯೋಗಾಲಯದ ಮೂಲೆಯ ಮೇಜನ್ನು ಶನಿವಾರ ತರಗತಿ ಮುಗಿದ ಮೇಲೆ ಬಳಸಲು ನಮ್ಮ ಉಪನ್ಯಾಸಕರು ಒಪ್ಪಿದ್ದಾರೆ. ರಟ್ಟು, ಕಡ್ಡಿ, ಬಟ್ಟೆಯ ತುಂಡುಗಳಿಂದ ಬೇರೆಬೇರೆ ಎತ್ತರದ ನಾಲ್ಕು ತೇರು ಕಟ್ಟಿ, ಟೇಬಲ್ ಫ್ಯಾನಿನ ಮುಂದೆ ಇಟ್ಟು, ಯಾವುದು ಯಾವಾಗ ಬೀಳುತ್ತದೆ ಎಂದು ಬರೆದುಕೊಳ್ಳುತ್ತೇವೆ. ಟೀ ಅಂಗಡಿಯ ಎಂಜಿನಿಯರ್ ಬರುತ್ತೇನೆ ಎಂದಿದ್ದಾರೆ. ತಾತನನ್ನೂ ಕರೆದಿದ್ದೇನೆ. "ಫ್ಯಾನ್ ಗಾಳಿಗೆ ಏನ್ ಗೊತ್ತಾಗುತ್ತೋ" ಎಂದು ನಕ್ಕರು, ಬರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಅವರು ಬಂದರೆ ಅವರ ಊರಿನ ತೇರಿನ ತಳದ ಅಗಲ ಎಷ್ಟು, ಹಗ್ಗ ಎಲ್ಲಿಗೆ ಕಟ್ಟುತ್ತಾರೆ ಎಂದು ಮೊದಲು ಕೇಳಿ ಬರೆದುಕೊಳ್ಳಬೇಕು. ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬನ್ನಿ, ತೇರಿಗೆ ಬಟ್ಟೆ ಕಟ್ಟುವ ಕೈ ನಮ್ಮ ವಿಭಾಗದಲ್ಲಿ ಯಾರಿಗೂ ಇಲ್ಲ. ರಟ್ಟಿನ ಡಬ್ಬ ಮನೆಯಿಂದಲೇ ತನ್ನಿ.

— ದ್ವಿತೀಯ ಪಿಯು ವಿಜ್ಞಾನ ವಿಭಾಗದ ವಿದ್ಯಾರ್ಥಿ