ಸಿಗ್ನಲ್ ಇಲ್ಲದ ತೋಟಕ್ಕೆ ಹ್ಯಾಮ್ ರೇಡಿಯೋ: ಆಸೆ ಸರಿ, ದಾರಿ ಸರಿ ಇರಲಿ

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ಅಡಿಕೆ ತೋಟದಲ್ಲಿ ಕೊಳೆ ಔಷಧಿ ಹೊಡೆಯುತ್ತಿದ್ದವರೊಬ್ಬರು ಮರದಿಂದ ಜಾರಿ ಬಿದ್ದರು. ಸೊಂಟಕ್ಕೆ ಜೋರು ಪೆಟ್ಟು. ಅಲ್ಲಿದ್ದ ನಾಲ್ಕು ಜನರ ಕೈಯಲ್ಲೂ ಸ್ಮಾರ್ಟ್‌ಫೋನ್ ಇತ್ತು, ಒಂದರಲ್ಲೂ ಸಿಗ್ನಲ್ ಇರಲಿಲ್ಲ. ಒಬ್ಬ ಹುಡುಗ ಗುಡ್ಡ ಹತ್ತಿ, ಎರಡು ಕಡ್ಡಿ ಸಿಗುವ ಬಂಡೆ ಮೇಲೆ ನಿಂತು 108ಕ್ಕೆ ಫೋನ್ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಅದೃಷ್ಟ, ಅವರು ಈಗ ಓಡಾಡುತ್ತಿದ್ದಾರೆ. ಆದರೆ ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ.

ಈ ಸುದ್ದಿ ಹರಡಿದ ಮೇಲೆ ಊರಿನ ಹುಡುಗರು ಬಂದು ಕೇಳಿದರು: "ಅಣ್ಣ, ಆನ್‌ಲೈನ್‌ನಲ್ಲಿ ಕಮ್ಮಿ ರೇಟಿಗೆ ಚೈನಾ ವಾಕಿಟಾಕಿ ಸಿಗುತ್ತಂತೆ. ಒಂದನ್ನ ಮನೆಯ ಫೋನಿಗೆ ಜೋಡಿಸಿ, ಇನ್ನೊಂದನ್ನ ತೋಟಕ್ಕೆ ತಗೊಂಡು ಹೋದ್ರೆ ಅಲ್ಲಿಂದಲೇ ಕಾಲ್ ಮಾಡಬಹುದಲ್ಲಾ?"

ಪ್ರಶ್ನೆ ತುಂಬಾ ಒಳ್ಳೆಯದು. ನನ್ನ ಉತ್ತರ: ತಂತ್ರದ ಲೆಕ್ಕದಲ್ಲಿ ಖಂಡಿತ ಆಗುತ್ತದೆ. ಕಾನೂನಿನ ಲೆಕ್ಕದಲ್ಲಿ ಈಗ ಆಗುವುದಿಲ್ಲ. ಆದರೆ ಆಗಬೇಕು ಎಂದು ಕೇಳುವ ಹಕ್ಕು ನಮಗಿದೆ.

ಮೊದಲು ತಂತ್ರ. ರೇಡಿಯೋವನ್ನು ಫೋನಿಗೆ ಜೋಡಿಸುವುದಕ್ಕೆ ಫೋನ್ ಪ್ಯಾಚ್ ಅಂತಾರೆ. ರೇಡಿಯೋದಲ್ಲಿ ಬಂದ ಧ್ವನಿಯನ್ನು ಫೋನಿನ ಮೈಕ್‌ಗೆ, ಫೋನಿನಲ್ಲಿ ಬಂದ ಧ್ವನಿಯನ್ನು ರೇಡಿಯೋಗೆ ಕೊಡುವ ಪೆಟ್ಟಿಗೆ ಅದು. ಹ್ಯಾಂಡ್‌ಸೆಟ್‌ನಲ್ಲಿ ನಂಬರ್ ಒತ್ತಿದರೆ ಕೇಳುವ ಟೋನ್‌ನಿಂದಲೇ ಆ ಕಡೆ ಡಯಲ್ ಆಗುವಂತೆಯೂ ಮಾಡಬಹುದು. ಒಂದೇ ವ್ಯತ್ಯಾಸ: ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡೋಕೆ ಆಗಲ್ಲ. ಬಟನ್ ಒತ್ತಿ ಮಾತಾಡಬೇಕು, ಮುಗಿದ ಮೇಲೆ "ಓವರ್" ಅಂತ ಹೇಳಿ ಬಿಡಬೇಕು. ಮತ್ತೆ, ಆ ಫ್ರೀಕ್ವೆನ್ಸಿಯಲ್ಲಿರುವ ಎಲ್ಲರಿಗೂ ನಿಮ್ಮ ಮಾತು ಕೇಳುತ್ತದೆ. ಹಾಗಾಗಿ ಒಟಿಪಿ ಹೇಳುವ ಜಾಗ ಅದಲ್ಲ.

ಇದು ಹೊಸದೇನಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಮನೆಯವರ ಜೊತೆ ಮಾತಾಡಿದ್ದು ಹ್ಯಾಮ್‌ಗಳ ಫೋನ್ ಪ್ಯಾಚ್ ಮೂಲಕವೇ. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸ್ವತಃ ಹ್ಯಾಮ್. ಅರಿಜೋನಾದ ಅವರ ಮನೆಯ ಸ್ಟೇಷನ್‌ನಿಂದಲೂ ಅಂಥ ಕರೆಗಳು ಹೋದವು. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬುವವರು ದೂರದಲ್ಲಿ ಕೆಲಸ ಮಾಡುವವರ ರೇಡಿಯೋವನ್ನು ಟೆಲಿಫೋನಿಗೆ ಜೋಡಿಸುವ ಕಾರ್ಟರ್‌ಫೋನ್ ಎಂಬ ಸಾಧನ ಮಾರುತ್ತಿದ್ದರು. ಅದು ಹ್ಯಾಮ್ ರೇಡಿಯೋ ಅಲ್ಲ, ಆದರೆ ಉಪಾಯ ಅದೇ. ಫೋನ್ ಕಂಪನಿ ಬೇಡ ಅಂತ ಹಟ ಹಿಡಿಯಿತು. ಕಾರ್ಟರ್ ಬಿಡಲಿಲ್ಲ. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಅವರ ಪರವಾಗಿ ತೀರ್ಪು ಕೊಟ್ಟಿತು. ಅಂದರೆ ದೂರದ ಜಾಗದಲ್ಲಿ ದುಡಿಯುವವರ ಕಷ್ಟಕ್ಕಾಗಿ ನಿಯಮವೇ ಬದಲಾದ ಉದಾಹರಣೆ ಇದೆ.

ಈಗ ನಮ್ಮ ಕಾನೂನು. ಭಾರತದಲ್ಲಿ ಹ್ಯಾಮ್ ರೇಡಿಯೋ ಬಳಸಲು ಕೇಂದ್ರ ಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಲೈಸೆನ್ಸ್ ಇಲ್ಲದೆ ಆ ಸೆಟ್ ಬಳಸುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಲೈಸೆನ್ಸ್ ಇದ್ದರೂ ವ್ಯಾಪಾರದ ಮಾತು ಆಡುವಂತಿಲ್ಲ. "ಇವತ್ತು ರಾಶಿ ಇಡಿ ರೇಟ್ ಎಷ್ಟು, ಲಾರಿ ಯಾವಾಗ ಬರುತ್ತೆ" ಅನ್ನುವುದಕ್ಕೆ ಅದು ಇಲ್ಲ. ಮೂರನೆಯವರ ಸಂದೇಶ ಸಾಗಿಸುವುದಕ್ಕೂ ಸಾಮಾನ್ಯ ದಿನಗಳಲ್ಲಿ ಅವಕಾಶ ಇಲ್ಲ. ಪ್ರವಾಹ, ಭೂಕಂಪ, ಚಂಡಮಾರುತದಂಥ ವಿಪತ್ತಿನಲ್ಲಿ ಮಾಮೂಲಿ ಸಂಪರ್ಕ ಕೆಟ್ಟಾಗ, ಅಧಿಕಾರಿಗಳ ಸಂದೇಶಕ್ಕೆ ವಿನಾಯಿತಿ ಇದೆ. ಫೋನಿನ ಆ ಕಡೆ ಇರುವವರು ಮೂರನೆಯವರೇ. ಹಾಗಾಗಿ ದಿನನಿತ್ಯದ ಫೋನ್ ಪ್ಯಾಚ್ ಈ ಚೌಕಟ್ಟಿನ ಹೊರಗೆ ಬೀಳುತ್ತದೆ.

ಇನ್ನೊಂದು ಎಚ್ಚರಿಕೆ. ಮೊಬೈಲ್ ಸಿಗ್ನಲ್ ಬೂಸ್ಟರ್ ಅಂತ ಮಾರುವ ಪೆಟ್ಟಿಗೆಯನ್ನು ಅನುಮತಿ ಇಲ್ಲದೆ ಹಾಕುವುದೂ ಕಾನೂನುಬಾಹಿರ. ನಿಮ್ಮ ಮನೆಗೆ ಸಿಗ್ನಲ್ ಬರಬಹುದು, ಸುತ್ತಲಿನವರ ಸಿಗ್ನಲ್ ಹಾಳಾಗುತ್ತದೆ.

ಹಾಗಾದರೆ ನಾವು ಕೈಕಟ್ಟಿ ಕೂರಬೇಕಾ? ಬೇಡ. ದಿನದ ಕೆಲಸಕ್ಕೆ ಮೂರು ದಾರಿ ಈಗಲೇ ಇವೆ.

ಒಂದು, ವೈಫೈ ಕಾಲಿಂಗ್. ಮಲೆನಾಡಿನ ಎಷ್ಟೋ ಮನೆಗೆ ಈಗ ಫೈಬರ್ ಇಂಟರ್ನೆಟ್ ಬಂದಿದೆ. ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಇಲ್ಲದಿದ್ದರೂ ನಿಮ್ಮ ನಂಬರಿನಿಂದಲೇ ಕರೆ ಹೋಗುತ್ತದೆ. ಮನೆಯಿಂದ ತೋಟದ ಶೆಡ್ ಕಣ್ಣಿಗೆ ನೇರ ಕಾಣುವಂತಿದ್ದರೆ ಹೊರಾಂಗಣ ವೈಫೈ ಆಂಟೆನಾ ಹಾಕಿ ಅಲ್ಲಿಗೂ ಒಯ್ಯಬಹುದು. ಮಧ್ಯೆ ಮರ, ದಿಬ್ಬ ಬಂದರೆ ಮಾತ್ರ ಕಷ್ಟ.

ಎರಡು, 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ವಾಕಿಟಾಕಿ. 2018ರಿಂದ 446.0–446.2 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಶಕ್ತಿಯ ಸೆಟ್‌ಗೆ ವಿನಾಯಿತಿ ಇದೆ. ಕೊನೆ ಕೊಯ್ಯುವಾಗ, ಪಂಪ್ ಆನ್ ಆಫ್ ಮಾಡಿಸುವಾಗ ಧಾರಾಳ ಸಾಕು. ಕೊಳ್ಳುವಾಗ ಈ ಫ್ರೀಕ್ವೆನ್ಸಿಗೆ ಮಾತ್ರ ಸೀಮಿತವಾದ, ಸರ್ಕಾರದ ಅನುಮೋದನೆ ಇರುವ ಸೆಟ್ಟೇ ಎಂದು ನೋಡಿ ಕೊಳ್ಳಿ.

ಮೂರು, ಲೋರಾ ಸಾಧನಗಳು. 865–867 ಮೆಗಾಹರ್ಟ್ಸ್‌ಗೂ ಲೈಸೆನ್ಸ್ ಬೇಡ. ಧ್ವನಿ ಹೋಗಲ್ಲ, ಆದರೆ ಸಣ್ಣ ಮೆಸೇಜು, ಮಣ್ಣಿನ ತೇವಾಂಶದ ಲೆಕ್ಕ, ಪಂಪಿನ ಸ್ಥಿತಿ ಇವೆಲ್ಲ ದೂರಕ್ಕೆ ಹೋಗುತ್ತವೆ.

ಇಷ್ಟೆಲ್ಲ ಇದ್ದಮೇಲೆ ಹ್ಯಾಮ್ ಯಾಕೆ ಬೇಕು? ಯಾಕೆಂದರೆ ಈ ಮೂರೂ ಕೆಟ್ಟ ದಿನಕ್ಕೆ ಸಾಲುವುದಿಲ್ಲ. ಮರ ಬಿದ್ದರೆ ಫೈಬರ್ ಕಟ್. ಮೂರು ದಿನ ಕರೆಂಟ್ ಹೋದರೆ ಟವರ್ ಬ್ಯಾಟರಿ ಖಾಲಿ. ವಾಕಿಟಾಕಿ ಗುಡ್ಡ ದಾಟುವುದಿಲ್ಲ. ಹ್ಯಾಮ್ ಸೆಟ್‌ಗೆ 12 ವೋಲ್ಟ್ ಬ್ಯಾಟರಿ, ಒಂದು ಸೋಲಾರ್ ಪ್ಯಾನೆಲ್, ಒಂದು ಆಂಟೆನಾ ಸಾಕು. ಎತ್ತರದ ಗುಡ್ಡದಲ್ಲಿ ರಿಪೀಟರ್ ಇದ್ದರೆ ಕೈಯಲ್ಲಿ ಹಿಡಿಯುವ ಸೆಟ್ಟೇ ಹತ್ತಾರು ಕಿಲೋಮೀಟರ್ ಮುಟ್ಟುತ್ತದೆ. 2004ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಪೋರ್ಟ್‌ಬ್ಲೇರ್‌ನಿಂದ ಸುದ್ದಿ ಹೊರಗೆ ಮುಟ್ಟಿಸಿದ್ದು ಅಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ.

ಮುಖ್ಯ ಮಾತು ಇಲ್ಲಿದೆ. ತುರ್ತು ಹೊತ್ತಿನಲ್ಲಿ ರೇಡಿಯೋವನ್ನೂ ಫೋನನ್ನೂ ಜೋಡಿಸಲು ಪೆಟ್ಟಿಗೆಯೇ ಬೇಕೆಂದಿಲ್ಲ. ತೋಟದಲ್ಲಿ ಒಬ್ಬ ಹ್ಯಾಮ್, ಸಿಗ್ನಲ್ ಇರುವ ಪೇಟೆಯಲ್ಲಿ ಇನ್ನೊಬ್ಬ ಹ್ಯಾಮ್ ಇದ್ದರೆ, ಕೇಳಿಸಿಕೊಂಡವರು ತಮ್ಮ ಮೊಬೈಲ್ ತೆಗೆದು 108ಕ್ಕೆ ಕರೆ ಮಾಡುತ್ತಾರೆ. ಪ್ರಾಣ ಅಪಾಯದಲ್ಲಿರುವ ಸ್ಟೇಷನ್ ಕೈಗೆ ಸಿಕ್ಕ ಯಾವುದೇ ರೇಡಿಯೋ ದಾರಿಯಲ್ಲಿ ನೆರವು ಕೇಳುವುದನ್ನು ಅಂತರರಾಷ್ಟ್ರೀಯ ರೇಡಿಯೋ ನಿಯಮಗಳೂ ತಡೆಯುವುದಿಲ್ಲ. ನಮ್ಮ ಪಕ್ಕದ ತೋಟದಲ್ಲಿ ಆವತ್ತು ಇದಿದ್ದರೆ ಮುಕ್ಕಾಲು ಗಂಟೆ ಐದು ನಿಮಿಷ ಆಗುತ್ತಿತ್ತು.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟು. ಸಿಗ್ನಲ್ ಇಲ್ಲದ ಪ್ರತಿ ಪಂಚಾಯ್ತಿಯಲ್ಲಿ ಕನಿಷ್ಠ ಮೂವರು ಲೈಸೆನ್ಸ್ ಇರುವ ಹ್ಯಾಮ್‌ಗಳಿರಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಡ. ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ನಿಯಮ ಓದಿದರೆ ಸಾಕು. ಪಿಯುಸಿ ವಿಜ್ಞಾನ ಓದಿದವರಿಗೆ ಕಷ್ಟವೇ ಅಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ. ಲೈಸೆನ್ಸ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಮುಂದಿನ ಮಳೆಗಾಲಕ್ಕೆ ಈಗಲೇ ಶುರು ಮಾಡಬೇಕು.

ಸರ್ಕಾರಕ್ಕೆ ಒಂದು ಮಾತು. ಟವರ್ ಇಲ್ಲದ ಕಡೆ ಲೈಸೆನ್ಸ್ ಇರುವ ಹ್ಯಾಮ್‌ಗಳಿಗೆ 108, 112ರಂಥ ತುರ್ತು ನಂಬರಿಗೆ ಮಾತ್ರ ಫೋನ್ ಪ್ಯಾಚ್ ಮಾಡಲು ಸ್ಪಷ್ಟ ಅನುಮತಿ ಕೊಡಿ. ದುರ್ಬಳಕೆ, ಭದ್ರತೆಯ ಭಯ ಸುಳ್ಳಲ್ಲ. ಆದರೆ ಪ್ರತಿ ಹ್ಯಾಮ್‌ಗೂ ಕಾಲ್‌ಸೈನ್ ಇದೆ, ಮಾತೆಲ್ಲ ಬಹಿರಂಗ. ಬೇಕಿದ್ದರೆ ಪ್ರತಿ ಕರೆಗೂ ದಾಖಲೆ ಕಡ್ಡಾಯ ಮಾಡಿ, ನಾವು ಬರೆದಿಡುತ್ತೇವೆ. ಹಾಗಂತ ಟವರ್ ಹಾಕುವ ಹೊಣೆಯಿಂದ ಯಾರೂ ಜಾರಿಕೊಳ್ಳುವಂತಿಲ್ಲ. ನೆಟ್‌ವರ್ಕ್ ಕೇಳಿ ಊರ ಬಾಗಿಲಲ್ಲಿ ಕಟ್ಟಿದ ಬ್ಯಾನರ್ ಹಾಗೇ ಇರಲಿ.

ಅಲ್ಲಿಯವರೆಗೆ ಒಂದು ವಿಷಯ ಮನೆಯಲ್ಲಿ, ಕೆಲಸದವರಿಗೆ ಎಲ್ಲರಿಗೂ ಹೇಳಿಡಿ: ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇರುವ ಕಡೆ 112 ಕರೆ ಹೋಗಬಹುದು. ಒತ್ತಿ ನೋಡದೆ ಗುಡ್ಡ ಹತ್ತೋಕೆ ಓಡಬೇಡಿ. ಮತ್ತೆ ಆ ಚೈನಾ ಸೆಟ್ ಈಗಲೇ ಆರ್ಡರ್ ಮಾಡಬೇಡಿ. ಮೊದಲು ಪರೀಕ್ಷೆಗೆ ಅರ್ಜಿ ಹಾಕಿ. ನಾನೂ ಹಾಕಿದ್ದೇನೆ.