ಅಂಚು ಯಾರಿಗೆ ಸುರಕ್ಷಿತ?

ಸೈಕಲ್ ಸವಾರ ರಸ್ತೆಯ ಅಂಚಿಗೇ ಇರಬೇಕು, ಕಾರು ಬಂದರೆ ಇನ್ನಷ್ಟು ಸರಿಯಬೇಕು. ನಮ್ಮಲ್ಲಿ ಇದನ್ನು ಪ್ರಶ್ನಿಸುವವರು ಕಡಿಮೆ. ಅಂಚೇ ಸುರಕ್ಷಿತ ಎಂಬ ನಂಬಿಕೆ ಇದರ ಹಿಂದಿದೆ. ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯಲ್ಲಿ ಈ ನಂಬಿಕೆ ಸವಾರನಿಗೇ ಮುಳುವಾಗುತ್ತದೆ ಎಂಬುದು ನನ್ನ ವಾದ.

ಇಲ್ಲಿ ಅಂಚು ಎನ್ನುವುದು ಎಲ್ಲಿದೆ ನೋಡಿ. ಅಂಗಡಿಯ ಮೆಟ್ಟಿಲು, ಅದರ ಮುಂದೆ ಸಾಲುಗಟ್ಟಿದ ಬೈಕುಗಳು, ಅವುಗಳ ಆಚೆ ತಳ್ಳುಗಾಡಿ. ಸಂಜೆಯಾದರೆ ಗಿರಮಿಟ್ಟು, ಮಿರ್ಚಿ ಮಾರುವ ಗಾಡಿಗಳ ಸುತ್ತ ಕೈಯಲ್ಲಿ ತಟ್ಟೆ ಹಿಡಿದು ನಿಂತ ಜನ. ಇಷ್ಟೆಲ್ಲ ಕಳೆದು ಉಳಿದ ಪಟ್ಟಿಯೇ ಸವಾರನ ಪಾಲು. ರಿಕ್ಷಾದಿಂದ ಜನ ಇಳಿಯುವುದು ಅಲ್ಲಿಗೇ, ನಿಂತ ಕಾರಿನ ಬಾಗಿಲು ತೆರೆದುಕೊಳ್ಳುವುದೂ ಅಲ್ಲಿಗೇ. ಪೂರ್ತಿ ತೆರೆದ ಬಾಗಿಲಿಗೆ ಹೆಚ್ಚುಕಡಿಮೆ ಒಂದು ಮೀಟರ್ ಜಾಗ ಬೇಕು. ಅದಕ್ಕೆ ಬಡಿದವನು ಬೀಳುವುದು ಬಲಕ್ಕೆ, ಹಿಂದಿನಿಂದ ಬರುವ ವಾಹನದ ಮುಂದೆ.

ಪೇಟೆ ಬಿಟ್ಟು ಅಗಲ ರಸ್ತೆಗೆ ಬಂದರೂ ಲೆಕ್ಕ ಸವಾರನ ಪರವಾಗಿಲ್ಲ. ಒಂದು ಲೇನ್ ಸುಮಾರು 3.5 ಮೀಟರ್. ಅಂಚಿನಿಂದ 30 ಸೆಂ.ಮೀ. ಬಿಟ್ಟು ಹೊರಟ ಸೈಕಲ್, 60 ಸೆಂ.ಮೀ. ಹ್ಯಾಂಡಲ್ ಸೇರಿ, 90 ಸೆಂ.ಮೀ. ಹಿಡಿಯುತ್ತದೆ. ಕನ್ನಡಿ ಸಮೇತ ಕಾರಿಗೆ ಸುಮಾರು ಎರಡು ಮೀಟರ್. ಕಾರು ಲೇನಿನ ಬಲಗೆರೆಗೆ ತಾಗಿಕೊಂಡೇ ಹೋದರೂ ನಡುವೆ ಉಳಿಯುವುದು 60 ಸೆಂ.ಮೀ. ಸವಾರ ಒಂದು ತಗ್ಗು ತಪ್ಪಿಸಲು ಹೊರಳಿದರೆ ಅದೂ ಇಲ್ಲ. ಆದರೂ ಕಾರಿನವನ ಕಣ್ಣಿಗೆ ಅಲ್ಲಿ ದಾರಿ ಇದ್ದಂತೆ ಕಾಣುತ್ತದೆ, ನುಗ್ಗುತ್ತಾನೆ. ಸವಾರ ಲೇನಿನ ನಡುವಿದ್ದರೆ ಆ ಭ್ರಮೆ ಹುಟ್ಟುವುದಿಲ್ಲ. ಪಕ್ಕದ ಲೇನಿಗೆ ಹೋಗಿ ದಾಟಬೇಕು, ಇಲ್ಲವೇ ಕಾಯಬೇಕು ಎಂಬುದು ಚಾಲಕನಿಗೆ ದೂರದಿಂದಲೇ ತಿಳಿಯುತ್ತದೆ.

ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ಪರಿಷ್ಕೃತವಾದ ರಸ್ತೆ ಸಂಹಿತೆ ಇದನ್ನೇ ಹೇಳುತ್ತದೆ: ಶಾಂತ ರಸ್ತೆಯಲ್ಲಿ, ನಿಧಾನ ಸಂಚಾರದಲ್ಲಿ, ಕೂಡುರಸ್ತೆ ಹತ್ತಿರವಾದಾಗ ಲೇನಿನ ನಡುವೆ ಸಾಗಿ, ವೇಗದ ರಸ್ತೆಯಲ್ಲಿ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ದೂರವಿರಿ. ಅಲ್ಲಿನ ರಸ್ತೆ ಬೇರೆ, ನಮ್ಮದು ಬೇರೆ, ನಿಜ. ಆದರೆ ಬಾಗಿಲಿನ ಅಗಲ ಎರಡೂ ಕಡೆ ಒಂದೇ.

ಹಿಂದಿನವರಿಗೆ ತಡವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ದುರ್ಗದಬೈಲಿನಲ್ಲಿ ಕಾರು ಸೈಕಲ್ಲಿಗಿಂತ ವೇಗವಾಗಿ ಹೋಗುವ ಗಳಿಗೆಯೇ ಅಪರೂಪ. ಸೈಕಲ್ಲನ್ನು ಹಿಂದೆ ಹಾಕಿದ ಕಾರು ನಾಲ್ಕು ಮಾರು ದೂರದಲ್ಲಿ ತಳ್ಳುಗಾಡಿಯ ಹಿಂದೆ ನಿಂತಿರುತ್ತದೆ. ಹಿಂದಿನಿಂದ ಗುದ್ದಿದರೆ ಎಂಬ ಭಯವನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಅದಕ್ಕೇ ಪಿ.ಬಿ. ರಸ್ತೆಯಲ್ಲಿ ಇದೇ ಸಲಹೆ ಕೊಡುವುದಿಲ್ಲ. ಬಿಆರ್‌ಟಿಎಸ್ ಬಸ್ಸುಗಳಿಗೆ ನಡುಭಾಗ ಮೀಸಲಾದ ಮೇಲೆ ಲಾರಿ, ಕಾರು, ಬೈಕು, ಸೈಕಲ್ ಎಲ್ಲವೂ ಪಕ್ಕದ ಲೇನುಗಳಲ್ಲೇ ಓಡುತ್ತವೆ, ಅದೂ ವೇಗದಲ್ಲಿ. ಅಲ್ಲಿ ಬೇಕಿರುವುದು ಪ್ರತ್ಯೇಕ ಪಥವೇ.

ಉಣಕಲ್ ನಾಲೆಯ ಗುಂಟ ಸೈಕಲ್ ಪಥ ಮಾಡಹೊರಟದ್ದು ಸ್ವಾಗತಾರ್ಹ. ಆದರೆ ಪೇಪರ್ ಹಾಕುವ ಹುಡುಗನಿಗೂ ಅಂಗಡಿಯಲ್ಲಿ ದುಡಿಯುವವನಿಗೂ ಹೋಗಬೇಕಾದದ್ದು ಬ್ರಾಡ್‌ವೇಗೆ, ಜವಳಿ ಸಾಲಿಗೆ, ದುರ್ಗದಬೈಲಿಗೆ. ಈ ಓಣಿಗಳಲ್ಲಿ ಪ್ರತ್ಯೇಕ ಪಥಕ್ಕೆ ಜಾಗವಿಲ್ಲ, ಹಂಚಿಕೊಂಡೇ ಸಾಗಬೇಕು. ಹಾಗಿರುವಾಗ ನಡುವೆ ಸಾಗುವ ಸವಾರನನ್ನು ಸಂಚಾರ ಪೊಲೀಸರು ಬದಿಗೆ ಅಟ್ಟಬಾರದು; ಡ್ರೈವಿಂಗ್ ಶಾಲೆಗಳು ಅವನ ಹಿಂದೆ ಹಾರ್ನ್ ಇಲ್ಲದೆ ಕಾಯುವುದನ್ನು ಕಲಿಸಬೇಕು.